ನಿನ್ನೆಯ ಹದ, ಇವತ್ತಿನ ನೀರು

ಚಳಿಗಾಲದಲ್ಲಿ ನಳ ತಿರುಗಿಸಿದರೆ ಮೈ ಕೊರೆಯುವ ನೀರು. ಬೇಸಿಗೆಯಲ್ಲಿ ಅದೇ ನಳ ತಿರುಗಿಸಿದರೆ ಕೈ ಹಿಂದಕ್ಕೆ ಎಳೆದುಕೊಳ್ಳುವಂಥ ನೀರು. ಮಾಳಿಗೆಯ ಮೇಲೆ ಕರಿ ಟ್ಯಾಂಕು ಇಟ್ಟುಕೊಂಡವರ ಮನೆಯಲ್ಲಿ ಈ ಮಾತು ಬಾರದ ವರ್ಷವಿಲ್ಲ. ಬೈಯುತ್ತೇವೆ, ನಗುತ್ತೇವೆ, ಮೈ ಒರೆಸಿಕೊಂಡು ಮರೆತುಬಿಡುತ್ತೇವೆ. ಸಿದ್ದಾಪುರದ ಪಕ್ಕೀರವ್ವನೂ ಅದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಪಕ್ಕೀರವ್ವ ಯಾರೆಂದು ಆ ಓಣಿಯಲ್ಲಿ ಕೇಳಬೇಕೇ? ಯಾರ ಮನೆಯಲ್ಲಿ ಹೆರಿಗೆಯಾದರೂ ಕೂಸಿಗೆ ನೀರೆರೆಯಲು ಅವಳೇ ಬೇಕು. ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಬೋರಲು ಹಾಕಿಕೊಂಡು, ಎಣ್ಣೆ ತಿಕ್ಕಿ, ಚರಗಿಯಿಂದ ನೀರು ಹಾಕಿದಳೆಂದರೆ ಕೂಸು ಸಂಜೆಯವರೆಗೆ ಕಣ್ಣು ಬಿಡುತ್ತಿರಲಿಲ್ಲ. ಹರೆಯದಲ್ಲಿ ಗಂಗಾವತಿಯ ಮಂಡಕ್ಕಿ ಭಟ್ಟಿಯಲ್ಲಿ ಕಾದ ಉಸುಕಿನೊಡನೆ ಬಾಳಿದ ಕೈ ಅವಳದು. ಈಗಲೂ ಹಂಚಿನ ಮೇಲಿನ ರೊಟ್ಟಿಯನ್ನು ಬರಿಗೈಯಲ್ಲೇ ಮಗುಚುತ್ತಾಳೆ. ಒಲೆಯಿಂದ ಕೆಂಡ ಉರುಳಿದರೆ ಇಕ್ಕಳ ಹುಡುಕುವುದಿಲ್ಲ, ಎರಡು ಬೆರಳಲ್ಲಿ ಎತ್ತಿ ಒಳಗೆ ಹಾಕುತ್ತಾಳೆ. "ಪಕ್ಕೀರವ್ವನ ಕೈಗೆ ಬೆಂಕೀನ ಅಂಜತೈತಿ" ಎಂದು ಓಣಿಯವರು ಹೇಳುತ್ತಿದ್ದರು. ಕೇಳಿ ಅವಳು ಸೆರಗು ಸರಿಮಾಡಿಕೊಂಡು ಸುಮ್ಮನೆ ನಗುತ್ತಿದ್ದಳು. ಹೆಮ್ಮೆ ಯಾರಿಗೆ ಬೇಡ.

ಈಗ ಅವಳ ಕಾಲ ಮೇಲೆ ಮಲಗುತ್ತಿದ್ದುದು ಸ್ವಂತ ಮಗಳ ಕೂಸು. ಸುಕನ್ಯಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಸಂಕ್ರಾಂತಿ ಕಳೆದ ಮೇಲೆ ಹೆಣ್ಣು ಹುಟ್ಟಿತು. ತೊಟ್ಟಿಲಿಗೆ ಹಾಕಿ ಸಹನಾ ಎಂದು ಹೆಸರಿಟ್ಟರು.

ಚಳಿಯಲ್ಲಿ ಹುಟ್ಟಿದ ಕೂಸು. ಥಂಡಿ ಆಗಬಾರದೆಂದು ಪಕ್ಕೀರವ್ವ ಬಿಸಿಲೇರಿದ ಮೇಲೆ, ಮಧ್ಯಾಹ್ನದ ಹೊತ್ತಿಗೇ ಎರೆಯುತ್ತಿದ್ದಳು. ಹಂಡೆಯ ಬಿಸಿನೀರು ಒಂದು ಚರಗಿ, ನಳದ ತಣ್ಣೀರು ಒಂದು ಚರಗಿ. ಸಮಸಮ ಬೆರೆಸಿದರೆ ಹದ. ಮೊದಲಾದರೆ ಬಚ್ಚಲ ಮೂಲೆಯಲ್ಲಿ ನೆಲದೊಳಗೆ ಅರ್ಧ ಹೂತಿದ್ದ ಮಣ್ಣಿನ ಹರವಿ ಇತ್ತು. ಅದರ ನೀರು ಯಾವ ಕಾಲಕ್ಕೂ ತಂಪು. ಕಳೆದ ದೀಪಾವಳಿಗೆ ಮಗ ದುರಗೇಶ ಬಚ್ಚಲು ಹೊಸದು ಮಾಡಿಸಿ, ನಳ, ಶವರ್ ಎಲ್ಲ ಹಾಕಿಸಿ, ಹರವಿಯನ್ನು ಕಿತ್ತು ಹಿತ್ತಲಿಗೆ ತಳ್ಳಿದ್ದ. ಮಾಳಿಗೆಯ ಮೇಲೊಂದು ಕರಿ ಟ್ಯಾಂಕು ಕೂತಿತು. ಅಲ್ಲಿಂದ ಕರಿ ಪೈಪು ಮಾಳಿಗೆಯ ಉದ್ದಕ್ಕೂ ಬಿಸಿಲಲ್ಲೇ ಮಲಗಿ ಬಚ್ಚಲಿಗೆ ಇಳಿಯಿತು.

ಯುಗಾದಿ ಬಂತು, ಹೋಯಿತು. ಬಿಸಿಲು ದಿನದಿಂದ ದಿನಕ್ಕೆ ಏರಿತು. ಬೆರೆಸುವ ಲೆಕ್ಕ ಮಾತ್ರ ಹಾಗೆಯೇ ಉಳಿಯಿತು, ಸಮಸಮ.

ಈಚೆಗೆ ಎರೆಯುವಾಗ ಕೂಸು ಜಾಸ್ತಿ ಅಳತೊಡಗಿತ್ತು. ಒಂದು ದಿನ ಸುಕನ್ಯಾ ಬಚ್ಚಲ ಬಾಗಿಲಲ್ಲಿ ನಿಂತು ಕೇಳಿದಳು.

"ಯವ್ವ, ಭಾಳ ಅಳಾಕತ್ತೈತಲ್ಲ. ನೀರು ಸುಡ್ತಾವೇನು ನೋಡು."

ಪಕ್ಕೀರವ್ವ ಬಕೆಟ್ಟಿನಲ್ಲಿ ಕೈ ಅದ್ದಿ ನೋಡಿದಳು. "ಹದ ಅದಾವ. ಅಳ್ಲಿ ಬಿಡು, ನೀರಾಗ ಅತ್ತ ಕೂಸು ಗಟ್ಟಿ ಆಗತೈತಿ."

"ನಾ ಒಂದ್ಸಲ ಮುಟ್ಟಿ ನೋಡ್ಲೇನು?"

"ಬಾಣಂತಿ ಕೂಸಿನ ನೀರಾಗ ಕೈ ಹಾಕಬಾರ್ದು. ಒಳಗ ನಡಿ."

ಅದು ಆ ಮನೆಯ ಕಟ್ಟಳೆ. ಎರೆಯುವವರೇ ಬೆರೆಸಬೇಕು, ಎರಡನೆಯ ಕೈ ನೀರಿಗೆ ಬೀಳಬಾರದು. ಪಕ್ಕೀರವ್ವನಿಗೆ ಅವಳ ಅತ್ತೆ ಹೇಳಿದ್ದು, ಅತ್ತೆಗೆ ಅವಳ ಅತ್ತೆ ಹೇಳಿದ್ದು. ಸುಕನ್ಯಾ ಒಳಗೆ ಹೋದಳು.

ಆ ವಾರ ಅಡ್ಡಮಳೆಯ ಮೋಡ ಕವಿಯಿತು. ಸೂರ್ಯ ಮುಖ ತೋರಿಸಲಿಲ್ಲ, ಕೂಸೂ ಅಷ್ಟಾಗಿ ಅಳಲಿಲ್ಲ. ವಾರದ ಕೊನೆಗೆ ಒಂದು ದಿನ ಮೋಡ ಹರಿದು, ಹಿಡಿದಿಟ್ಟ ಬಿಸಿಲೆಲ್ಲ ಒಮ್ಮೆಲೇ ಸುರಿದಂತೆ ಸುರಿಯಿತು. ಅವತ್ತು ಮಧ್ಯಾಹ್ನ ಮೊದಲ ಚರಗಿ ಬೆನ್ನಿಗೆ ಬೀಳುತ್ತಲೇ ಸಹನಾ ಚೀರಿದಳು. ಅದು ದಿನದ ಅಳುವಲ್ಲ. ಉಸಿರು ಕಟ್ಟಿ, ಬಾಯಿ ತೆರೆದು, ದನಿಯೇ ಹೊರಡದೆ ಒಂದು ಗಳಿಗೆ ನಿಂತುಹೋದ ಅಳು. ಪಕ್ಕೀರವ್ವ ಇನ್ನೂ ಎರಡು ಚರಗಿ ಹಾಕಿ ಲಗುಬಗೆಯಿಂದ ಮುಗಿಸಿದಳು. ಮೈ ಒರೆಸುವಾಗ ನೋಡುತ್ತಾಳೆ, ಕೂಸಿನ ಬೆನ್ನು, ಕುಂಡೆ ಎಲ್ಲ ಕೆಂಪಗಾಗಿದೆ.

ಅಳು ಕೇಳಿ ಪಕ್ಕದ ಮನೆಯ ವಿರೂಪಾಕ್ಷಮ್ಮ ಬಂದಳು. ಕೆಟ್ಟ ಮನಸ್ಸಿನವಳಲ್ಲ. ಆದರೆ ಗೊತ್ತಿಲ್ಲ ಎಂಬ ಮಾತು ಅವಳ ಬಾಯಿಂದ ಯಾರೂ ಕೇಳಿದ್ದಿಲ್ಲ. ಬೆನ್ನು ನೋಡಿದಳು, ಗಲ್ಲ ಗಲ್ಲ ಬಡಿದುಕೊಂಡಳು.

"ಅಮ್ಮ ಬಂದಾಳ ಪಕ್ಕೀರವ್ವ. ಬ್ಯಾಸಗಿ ಅಲ್ಲೇನು, ಬರೋ ಹೊತ್ತ ಇದು. ಬಾಗಲಿಗೆ ಬೇವು ಕಟ್ಟು. ಒಗ್ಗರಣಿ ಹಾಕಬ್ಯಾಡ. ದವಾಖಾನಿಗೆ ಮಾತ್ರ ಒಯ್ಯಬ್ಯಾಡ, ಸೂಜಿ ಮಾಡಿಸಿದ್ರ ಅಮ್ಮ ಒಳಗ ಹೊಕ್ಕಾಳ."

ಪಕ್ಕೀರವ್ವ ಆ ಮಾತನ್ನು ಒಮ್ಮೆಲೇ ನಂಬಿದಳು. ಯಾಕೆಂದರೆ ಅವಳಿಗೆ ದುರಗೇಶನಿಗಿಂತ ಮೊದಲು ಒಬ್ಬ ಮಗ ಇದ್ದ. ಅಂಬೆಗಾಲಿಡುವ ಹೊತ್ತಿಗೆ, ಇಂಥದೇ ಬೇಸಿಗೆಯಲ್ಲಿ, ಮೈತುಂಬ ಅಮ್ಮ ಎದ್ದು, ಕೈಗೆ ದಕ್ಕದೆ ಹೋದ. ಅವನ ಹೆಸರನ್ನು ಆ ಮನೆಯಲ್ಲಿ ಯಾರೂ ಎತ್ತುವುದಿಲ್ಲ. ಈಗ ಮೊಮ್ಮಗಳ ಬೆನ್ನು ನೋಡುತ್ತ ಅವಳಿಗೆ ಅವನೇ ಕಂಡ. ಎದ್ದು ಬಾಗಿಲಿಗೆ ಬೇವಿನ ಟೊಂಗೆ ಕಟ್ಟಿದಳು.

ಸಂಜೆ ಕೂಸು ಮೊಲೆ ಹಿಡಿಯಲಿಲ್ಲ. ಎತ್ತಿಕೊಂಡರೆ ಅಳು, ಮಲಗಿಸಿದರೆ ಅಳು. ಬೆನ್ನಿಗೆ ಬಟ್ಟೆ ತಾಗಿದರೂ ಸೆಟೆದುಕೊಳ್ಳುತ್ತಿತ್ತು. "ಯವ್ವ, ಒಂದ್ಸಲ ದವಾಖಾನಿಗೆ ತೋರಿಸೋಣು" ಎಂದಳು ಸುಕನ್ಯಾ. ಪಕ್ಕೀರವ್ವ ಮಗಳ ಮುಖ ನೋಡಲಿಲ್ಲ. "ಒಂದನ್ನ ಕಳಕೊಂಡಾಕಿ ನಾನು. ನನಗ ಗೊತ್ತೈತಿ" ಎಂದಳು. ಸುಕನ್ಯಾ ಕೂಸನ್ನು ಹೆಗಲಿಗೆ ಹಾಕಿಕೊಂಡು ರಾತ್ರಿಯೆಲ್ಲ ಓಡಾಡಿದಳು.

ಬೆಳಗಾಗುತ್ತಲೇ ವಿರೂಪಾಕ್ಷಮ್ಮ ಮತ್ತೆ ಬಂದು ಉಪಾಯ ಹೇಳಿದಳು. ಬೇವಿನ ಎಲೆ ಕುದಿಸಿ ಆ ನೀರು ಎರೆದರೆ ಅಮ್ಮ ತಣ್ಣಗಾಗುತ್ತಾಳೆ, ಮಧ್ಯಾಹ್ನ ಬಿಸಿಲು ನೆತ್ತಿಗೆ ಬಂದಾಗಲೇ ಎರೆಯಬೇಕು. ಪಕ್ಕೀರವ್ವ ಹಂಡೆಗೆ ಬೇವು ತುಂಬಿ ಒಲೆ ಹಚ್ಚಿದಳು. ಸುಕನ್ಯಾ ಹಿತ್ತಲಿಗೆ ಹೋಗಿ, ಸೆರಗು ಬಾಯಿಗೆ ಅಡ್ಡ ಹಿಡಿದು, ಆಶಾ ಕಾರ್ಯಕರ್ತೆ ಅನುಸೂಯಾಗೆ ಫೋನು ಮಾಡಿದಳು.

"ಅನುಸೂಯಕ್ಕ, ಲಗೂನ ಬರ್ರಿ. ನಮ್ಮವ್ವಗ ನಾ ಕರದೀನಿ ಅಂತ ಹೇಳಬ್ಯಾಡ್ರಿ."

ಮಧ್ಯಾಹ್ನವಾಯಿತು. ಪಕ್ಕೀರವ್ವ ಬಚ್ಚಲಲ್ಲಿ ಕಾಲು ಚಾಚಿ ಕೂತಳು. ಹಂಡೆಯ ಬೇವಿನ ನೀರು ಒಂದು ಚರಗಿ, ನಳದ ನೀರು ಒಂದು ಚರಗಿ, ಸಮಸಮ ಬಕೆಟ್ಟಿಗೆ ಸುರಿದಳು. ಕೂಸನ್ನು ಕಾಲ ಮೇಲೆ ಬೋರಲು ಹಾಕಿಕೊಂಡಳು. ನೀರಿನ ಸದ್ದು ಕೇಳಿಯೇ ಅದು ಅಳತೊಡಗಿತು. ಮೂರು ತಿಂಗಳೂ ತುಂಬದ ಕೂಸಿಗೆ ಸದ್ದಿನ ಗುರುತು ಸಿಕ್ಕಿತ್ತು. ಬಾಗಿಲಲ್ಲಿ ನಿಂತ ಸುಕನ್ಯಾ ತಿರುತಿರುಗಿ ಓಣಿಯ ಕಡೆ ನೋಡಿದಳು. ಪಕ್ಕೀರವ್ವ ದೇವಿಯ ಹೆಸರು ಹೇಳಿ ಚರಗಿ ಎತ್ತಿದಳು.

"ದೊಡ್ಡವ್ವ, ಸ್ವಲ್ಪ ನಿಂದರ್ರಿ."

ಅನುಸೂಯಾ ಚಪ್ಪಲಿ ಬಿಟ್ಟವಳೇ ನೇರವಾಗಿ ಬಚ್ಚಲಿಗೆ ಬಂದಿದ್ದಳು. ಬಂದ ವೇಗಕ್ಕೆ ಏದುಸಿರು ಬಿಡುತ್ತಿದ್ದಳು.

"ಎರಿಯೋ ಮುಂದ ಅಡ್ಡ ಬರಬಾರ್ದು, ಗೊತ್ತಿಲ್ಲೇನು ನಿನಗ?" ಪಕ್ಕೀರವ್ವ ಚರಗಿ ಇಳಿಸಲಿಲ್ಲ.

"ಗೊತ್ತೈತ್ರಿ. ಬೈರಿ ಬೇಕಾದ್ರ. ಆದ್ರ ಕೂಸಿನ ಬೆನ್ನು ಒಂದು ನೋಡ್ತೀನಿ."

ಅವಳು ಬಾಗಿ ನೋಡಿದಳು. ಮೆಲ್ಲಗೆ ಕೂಸನ್ನು ಎತ್ತಿ ಹೊಟ್ಟೆ ನೋಡಿದಳು, ಕಂಕುಳ ನೋಡಿದಳು, ಹಣೆ ಮುಟ್ಟಿದಳು. ಆಮೇಲೆ ಸುಕನ್ಯಾಳ ಕೈಗೆ ಕೂಸನ್ನು ಕೊಟ್ಟು ಹೇಳಿದಳು.

"ಇದು ಅಮ್ಮ ಅಲ್ಲ ಅನ್ನಿಸ್ತೈತ್ರಿ. ಅಮ್ಮ ಬಂದಿದ್ರ ಜ್ವರ ಇರ್ತಾವ, ಮೈಯಾಗ ಅಲ್ಲಲ್ಲಿ ಗುಳ್ಳಿ ಏಳ್ತಾವ. ಇಲ್ಲಿ ಬೆನ್ನಿಗೆ ಅಷ್ಟ ಕೆಂಪ ಆಗೈತಿ. ಹೊಟ್ಟಿ ನೋಡ್ರಿ, ಏನೂ ಆಗಿಲ್ಲ. ನೀರು ಎಲ್ಲಿ ಬಿದ್ದಾವ, ಅಲ್ಲಿ ಕೆಂಪ ಆಗೈತಿ. ನೀರು ಸುಟ್ಟಾವ್ರಿ ದೊಡ್ಡವ್ವ."

ಪಕ್ಕೀರವ್ವನ ಮುಖ ಬಿಗಿಯಿತು. "ನಾ ಸುಟ್ಟೆ ಅಂತೀಯೇನು? ಈ ಓಣ್ಯಾಗ ಅರ್ಧ ಮಂದಿಗೆ ಎರದ ಕೈ ಇದು. ಮೊನ್ನಿನೂ ಇದ ಹಂಡೆ, ಇದ ನಳ, ಇದ ಲೆಕ್ಕ. ಮೊನ್ನಿ ಏನೂ ಆಗಿಲ್ಲ. ನಿನ್ನಿಗೆ ಅಷ್ಟ ನೀರಿಗೆ ಬುದ್ಧಿ ಕೆಟ್ಟಿತ್ತೇನು?"

"ಮೊನ್ನಿ ಮೋಡ ಇತ್ತಲ್ರಿ."

"ಮೋಡಕ್ಕೂ ಬಚ್ಚಲಕ್ಕೂ ಏನ್ ಸಂಬಂಧ?"

ಅನುಸೂಯಾ ಬಕೆಟ್ಟಿನ ಮುಂದೆ ಕುಕ್ಕರಗಾಲಲ್ಲಿ ಕೂತಳು. ತೋಳು ಮೇಲೇರಿಸಿ ಬಕೆಟ್ಟಿನ ನೀರಿಗೆ ಮೊಣಕೈ ಇಳಿಸಿದಳು. ಇಳಿಸಿದಷ್ಟೇ ಬೇಗ ಮೇಲೆತ್ತಿದಳು. ಮೊಣಕೈಯ ತುದಿ ಕೆಂಪಗಾಯಿತು.

ಪಕ್ಕೀರವ್ವ ಅದನ್ನು ನೋಡಿದಳು. ನಂಬಲಿಲ್ಲ. ತಾನೇ ಬಕೆಟ್ಟಿಗೆ ಕೈ ಹಾಕಿದಳು. ಅಂಗೈ ಮುಳುಗುವಂತೆ ಹಾಕಿ, ಹಾಗೆಯೇ ಇಟ್ಟುಕೊಂಡು, "ನೋಡು, ಹದ ಅದಾವ. ಉಗುರಬೆಚ್ಚಗ ಅದಾವ" ಎಂದಳು. ಹೇಳುವಾಗ ಅವಳ ಮುಖದಲ್ಲಿ ನೋವಿನ ಒಂದು ಗೆರೆಯೂ ಇರಲಿಲ್ಲ.

ಸುಕನ್ಯಾ ಒಂದು ಗಳಿಗೆ ತಾಯಿಯನ್ನು ನೋಡಿದಳು. ಕೂಸನ್ನು ಅನುಸೂಯಾಳಿಗೆ ಕೊಟ್ಟು, ಮನೆಯ ಕಟ್ಟಳೆ ಮುರಿದು, ತಾಯಿಯ ಕೈಯ ಪಕ್ಕದಲ್ಲೇ ತನ್ನ ಮೊಣಕೈ ನೀರಿಗೆ ಇಳಿಸಿದಳು. "ಯವ್ವಾ" ಎಂದು ಹಿಂದಕ್ಕೆ ಸರಿದಳು. ಅವಳ ಕಣ್ಣಲ್ಲಿ ನೀರು ಬಂದಿತ್ತು.

"ಸುಡಾಕತ್ಯಾವ ಯವ್ವ. ನಿನಗ ತಿಳಿಯವಲ್ದೇನು?"

ಪಕ್ಕೀರವ್ವ ಕೈಯನ್ನು ನೀರಿನಿಂದ ತೆಗೆದಳು. ತಿರುವಿ ಅಂಗೈ ನೋಡಿಕೊಂಡಳು. ಭಟ್ಟಿಯ ಉಸುಕು, ಹಂಚಿನ ಕಾವು, ಒಲೆಯ ಕೆಂಡ, ಎಲ್ಲ ಸೇರಿ ಆ ಚರ್ಮವನ್ನು ಯಾವಾಗಲೋ ಜಡ ಮಾಡಿಟ್ಟಿದ್ದವು. ಯಾವ ಕೈಯನ್ನು ಓಣಿಯೆಲ್ಲ ಹೊಗಳಿತ್ತೋ ಅದೇ ಕೈ ಮೊಮ್ಮಗಳ ಬೆನ್ನಿಗೆ ಬೆಂಕಿ ಸುರಿದಿತ್ತು. ಹೆದರಿಕೆ ಅಂದರೆ ಏನೆಂದು ಅವಳಿಗೆ ಆಗ ಗೊತ್ತಾಯಿತು. ಅಮ್ಮ ಬಂದಾಳೆಂದು ನಿನ್ನೆ ಹೆದರಿದ್ದು ಇದರ ಮುಂದೆ ಏನೂ ಅಲ್ಲ.

"ನನ್ನ ಕೈಯಿಂದನಾ?" ಎಂದು ಕೇಳಿದಳು.

ಅನುಸೂಯಾ ಸುಳ್ಳು ಸಮಾಧಾನ ಹೇಳಲಿಲ್ಲ. "ಹೌದ್ರಿ ದೊಡ್ಡವ್ವ, ನಿಮ್ಮ ಕೈಯಿಂದನ. ಬೇಕಂತ ಮಾಡಿಲ್ಲ, ಅದು ಎಲ್ಲಾರಿಗೂ ಗೊತ್ತೈತಿ. ಆದ್ರ ಈ ಚರಗಿ ಬಿದ್ದಿದ್ರ ಇವತ್ತು ಕೆಂಪಿಗೆ ನಿಲ್ತಿರ್ಲಿಲ್ಲ. ಕೂಸಿನ ಚರ್ಮ ಭಾಳ ತೆಳು. ನಮಗ ಬೆಚ್ಚಗ ಅನ್ನಿಸಿದ್ದು ಅದಕ್ಕ ಸುಡತೈತಿ. ಸುಲದು ಕೈಗೆ ಬರ್ತಿತ್ತು."

ಆಮೇಲೆ ಅವಳು ನಳ ತಿರುಗಿಸಿದಳು. "ಇದಕ್ಕ ತಣ್ಣೀರು ಅಂತೀರಲ್ಲ, ಬಾ ಸುಕನ್ಯಾ, ಇದನ್ನ ಮುಟ್ಟು."

ಸುಕನ್ಯಾ ಮುಟ್ಟಿದಳು. ತಣ್ಣೀರಿನ ನಳದಿಂದ ಬಂದದ್ದು ಬಿಸಿನೀರೇ. ಒಲೆ ಹಚ್ಚದೆ ಕಾದ ನೀರು. ಪಕ್ಕೀರವ್ವ ಇಷ್ಟು ದಿನ ಬಿಸಿನೀರಿಗೆ ಬಿಸಿನೀರು ಬೆರೆಸಿ ಹದ ಎಂದುಕೊಂಡಿದ್ದಳು.

"ಇದು ಹೆಂಗ ಆಕ್ಕೈತಿ?" ಬೇಲಿಯಾಚೆಯಿಂದ ಬಂದು ನಿಂತಿದ್ದ ವಿರೂಪಾಕ್ಷಮ್ಮ ಮೊದಲ ಸಲ ಒಂದು ಪ್ರಶ್ನೆ ಕೇಳಿದಳು.

"ಮ್ಯಾಲ ನೋಡ್ರಿ. ಟ್ಯಾಂಕು ಕರೇದು. ಕರೇದು ಬಿಸಿಲನ್ನ ಭಾಳ ಎಳಕೋತೈತಿ. ಕೆಳಗಿನ ಮಾಳಿಗಿನೂ ಕಾದಿರ್ತೈತಿ. ಪೈಪು ಅದಕ್ಕಿಂತ ಮೋಸ. ಹಂಡೆ ನೀರು ಕಾಯಾಕ ಹೊತ್ತು ಹಿಡಿತೈತಿ, ಚರಗಿ ನೀರು ಒಲಿ ಮ್ಯಾಲ ಇಟ್ರ ಲಗೂನ ಕಾಯ್ತಾವ, ಹೌದಿಲ್ರಿ? ಪೈಪಿನಾಗ ನಿಂತಿದ್ದು ಚರಗಿ ನೀರು ಇದ್ದಂಗ. ಅದಕ್ಕ ನಳ ತಿರುವಿದ ಕೂಡ್ಲೇ ಬರೋದು ಎಲ್ಲಕ್ಕಿಂತ ಸುಡೋ ನೀರು. ಶವರಿನಾಗೂ ಮೊದ್ಲ ನೆತ್ತಿ ಮ್ಯಾಲ ಬೀಳೋದು ಅವ."

"ಮತ್ತ ಚಳಿಗಾಲದಾಗ ಕೊರೀತಿದ್ವಲ್ಲ?" ಎಂದಳು ಪಕ್ಕೀರವ್ವ.

"ಆಗ ರಾತ್ರೆಲ್ಲ ಟ್ಯಾಂಕು ಥಂಡ್ಯಾಗ ನಿಂತಿರ್ತೈತ್ರಿ. ಹಗಲಿನ ಬಿಸಿಲೂ ಎಳಿ ಬಿಸಿಲು. ಮೋಡ ಇದ್ರ ಒಂಥರಾ, ಬಿಸಿಲಿದ್ರ ಒಂಥರಾ, ಮುಂಜಾನಿ ಒಂಥರಾ, ಮಧ್ಯಾಹ್ನ ಒಂಥರಾ. ಹರವಿ ನೀರು ನೆಳ್ಳಾಗ ಇತ್ತು, ನೆಲದಾಗ ಇತ್ತು, ಅದಕ್ಕ ನಿಮ್ಮ ಹಳೇ ಲೆಕ್ಕ ನಡೀತು. ಟ್ಯಾಂಕಿನ ನೀರಿಗೆ ಆ ಲೆಕ್ಕ ನಡ್ಯಂಗಿಲ್ಲ. ಹೊರಗಿನ ಹವಾ ಹೆಂಗೋ ಒಳಗಿನ ನೀರು ಹಂಗ. ದಿನಾ ಹೊಸದಾಗಿ ನೋಡಬೇಕು."

ಅವತ್ತೇ ಕೂಸನ್ನು ದವಾಖಾನೆಗೆ ಒಯ್ದರು. ಪಕ್ಕೀರವ್ವ ಆಟೋದಲ್ಲಿ ಮೊಮ್ಮಗಳನ್ನು ಎತ್ತಿಕೊಳ್ಳಲೂ ಹೆದರಿ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡು ಕೂತಿದ್ದಳು. ಡಾಕ್ಟರಮ್ಮ ಬೆನ್ನು ಪರೀಕ್ಷಿಸಿ, ಮೇಲಿನ ಚರ್ಮವಷ್ಟೇ ಸುಟ್ಟಿದೆ, ಮಾಯುತ್ತದೆ, ಅಮ್ಮ ಅಲ್ಲ ಎಂದರು. ಹಚ್ಚಲು ಮುಲಾಮು ಕೊಟ್ಟರು. "ಸುಟ್ಟ ಕೂಡ್ಲೇ ಏನ್ ಮಾಡಬೇಕಿತ್ರಿ?" ಎಂದು ಸುಕನ್ಯಾ ಕೇಳಿದಾಗ ಅವರು ನಿಧಾನವಾಗಿ ಹೇಳಿದರು. ಸುಟ್ಟ ಜಾಗಕ್ಕೆ ಸಾದಾ ತಂಪು ನೀರು ಇಪ್ಪತ್ತು ನಿಮಿಷ ಮೆಲ್ಲಗೆ ಬಿಡಬೇಕು, ಬಿಡುವ ನೀರು ತಂಪಾಗಿದೆಯೇ ಎಂದು ಮೊದಲು ನೋಡಬೇಕು, ಉಳಿದ ಮೈಗೆ ಥಂಡಿ ಆಗದಂತೆ ಬಟ್ಟೆ ಹೊದಿಸಬೇಕು. ಐಸು, ಟೂತ್‌ಪೇಸ್ಟ್, ಅರಿಷಿಣ, ಎಣ್ಣೆ ಯಾವುದೂ ಬೇಡ. ಗುಳ್ಳೆ ಎದ್ದರೆ ಒಡೆಯಬಾರದು. ಕೂಸಾದರೆ ಎಷ್ಟೇ ಸಣ್ಣ ಸುಟ್ಟ ಗಾಯವಿದ್ದರೂ ಅದೇ ದಿನ ದವಾಖಾನೆಗೆ ತರಬೇಕು, ಜಾಸ್ತಿ ಇದ್ದರೆ 108ಕ್ಕೆ ಫೋನು ಮಾಡಬೇಕು.

ಸಂಜೆ ದುರಗೇಶ ರೈಸ್‌ಮಿಲ್ಲಿನ ಕೆಲಸ ಮುಗಿಸಿ ಬಂದ. ಸಂಗತಿ ಕೇಳಿ ಊಟಕ್ಕೂ ಕೂರಲಿಲ್ಲ. ಮಿಲ್ಲಿನಿಂದ ಹಳೆ ಗೋಣಿಚೀಲ ತಂದು ಪೈಪಿಗೆಲ್ಲ ಸುತ್ತಿ ಕಟ್ಟಿದ. ಟ್ಯಾಂಕಿಗೆ ಬಿಳಿ ಬಣ್ಣ ಬಳಿದು ಮೇಲೆ ತೆಂಗಿನ ಗರಿಯ ನೆರಳು ಮಾಡಿದ. ಹಿತ್ತಲಲ್ಲಿ ಬಿದ್ದಿದ್ದ ಹರವಿಯನ್ನು ಉಜ್ಜಿ ತೊಳೆದು ಬಚ್ಚಲ ಮೂಲೆಗೆ ತಂದಿಟ್ಟು, "ಇದನ್ನ ದಿನಾ ಮುಂಜಾನಿ ತುಂಬಿಸಿ ಮುಚ್ಚಿಡ್ರಿ. ಕೂಸಿಗೆ ಈ ನೀರ ಬೆರಸ್ರಿ" ಎಂದ. ಯಾರನ್ನೂ ಬೈಯಲಿಲ್ಲ. ಹರವಿ ಕಿತ್ತವನು ತಾನೇ ಎಂಬುದು ಅವನಿಗೂ ನೆನಪಿತ್ತು.

ಬೆನ್ನು ಮಾಯ್ದು ಮತ್ತೆ ಎರೆಯುವ ದಿನ ಬಂತು. ಪಕ್ಕೀರವ್ವ ಬಚ್ಚಲಿಗೆ ಬರಲಿಲ್ಲ. ಒಲೆಯ ಮುಂದೆ ಕೂತೇ ಹೇಳಿದಳು.

"ನಾ ಎರಿಯಂಗಿಲ್ಲ. ನನ್ನ ಕೈ ಸತ್ತೈತಿ. ನೀನ ಎರಿ."

"ನನಗ ಕಾಲಮ್ಯಾಲ ಹಾಕ್ಕೊಳ್ಳಾಕ ಬರಂಗಿಲ್ಲ ಯವ್ವ, ಜಾರತೈತಿ," ಎಂದಳು ಸುಕನ್ಯಾ. "ನೀರು ನಾ ನೋಡ್ತೀನಿ. ನೀ ಎರಿ. ನೀರಿಗೆ ಎರಡು ಕೈ ಬೀಳ್ಲಿ, ಏನಾಗಂಗಿಲ್ಲ."

ಪಕ್ಕೀರವ್ವ ಬಹಳ ಹೊತ್ತಿಗೆ ಎದ್ದು ಬಂದಳು. ಸುಕನ್ಯಾ ಮೊದಲು ಹರವಿಯ ತಣ್ಣೀರು ಬಕೆಟ್ಟಿಗೆ ಹಾಕಿ, ಮೇಲೆ ಸ್ವಲ್ಪ ಸ್ವಲ್ಪವೇ ಬಿಸಿನೀರು ಬೆರೆಸಿ, ಕೈಯಿಂದ ಕಲಕಿ, ಮೊಣಕೈ ಇಳಿಸಿ ನೋಡಿದಳು. ಇನ್ನಷ್ಟು ತಣ್ಣೀರು ಹಾಕಿ ಮತ್ತೆ ನೋಡಿದಳು. ಪಕ್ಕೀರವ್ವ ಚರಗಿ ಹಿಡಿದು ಮಗಳ ಮುಖ ನೋಡುತ್ತ ಕೂತಿದ್ದಳು. ಸುಕನ್ಯಾ "ಹೂಂ" ಎಂದ ಮೇಲೆಯೇ ಮೊದಲ ಚರಗಿ ಬಿತ್ತು. ಕೂಸು ಬೆಚ್ಚಿತು, ಅಳಲು ಬಾಯಿ ತೆರೆಯಿತು, ಅಳಲಿಲ್ಲ. ಬೆರಳು ಬಾಯಿಗಿಟ್ಟುಕೊಂಡು ಸುಮ್ಮನೆ ಮಲಗಿತು. ಪಕ್ಕೀರವ್ವನ ಕಣ್ಣಿಂದ ನೀರಿಳಿದು ಅದರ ಬೆನ್ನ ಮೇಲೆಯೇ ಬಿತ್ತು.

ಪಕ್ಕೀರವ್ವ ಈಗಲೂ ಓಣಿಯ ಕೂಸುಗಳಿಗೆ ಎರೆಯುತ್ತಾಳೆ. ಹೆದರಿಕೆ ಅವಳನ್ನು ಬಿಟ್ಟಿಲ್ಲ, ಅವಳೂ ಅದನ್ನು ಬಿಟ್ಟಿಲ್ಲ. ಯಾರ ಮನೆಗೆ ಹೋದರೂ ಮೊದಲು ಕೂಸಿನ ತಾಯಿಯನ್ನು ಕರೆಯುತ್ತಾಳೆ. "ನನ್ನ ಕೈ ನಂಬಬ್ಯಾಡವ್ವ. ನೀ ಮೊಣಕೈ ಹಾಕಿ ನೋಡು" ಎನ್ನುತ್ತಾಳೆ. ಕೂಸು ಅತ್ತರೆ ಅಲ್ಲೇ ಕೈ ನಿಲ್ಲಿಸುತ್ತಾಳೆ.

ಅವ್ವಂದಿರೇ, ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮಾಳಿಗೆಯ ಮೇಲೂ ಒಂದು ಟ್ಯಾಂಕು ಇದೆ. ಈಗ ಈ ಹಾಳೆ ಓದುವಾಗಲೂ ಅದು ಕಾಯುತ್ತಿರಬಹುದು. ನಳದ, ಶವರಿನ ಮೊದಲ ನೀರನ್ನು ಮೈಮೇಲೆ ಬಿಟ್ಟುಕೊಳ್ಳಬೇಡಿ, ಬಕೆಟ್ಟಿಗೆ ಹಿಡಿದು ಆರಲು ಬಿಡಿ. ತಣ್ಣೀರು ಮೊದಲು, ಬಿಸಿನೀರು ಆಮೇಲೆ. ದುಡಿದ ಅಂಗೈಗೆ ಬಿಸಿ ತಿಳಿಯುವುದಿಲ್ಲ, ಅದು ದುಡಿಮೆಯ ಗುರುತು, ನಾಚಿಕೆಪಡಬೇಡಿ. ಆದರೆ ಅದನ್ನು ನಂಬಿ ಕೂಸಿಗೆ, ವಯಸ್ಸಾದವರಿಗೆ ನೀರು ಹಾಕಬೇಡಿ. ನಿನ್ನೆ ಹದವಾಗಿತ್ತು ಎಂಬುದು ಇವತ್ತಿನ ನೀರಿಗೆ ಸಾಕ್ಷಿಯಲ್ಲ. ಕೂಸಿಗೆ ಸುಡುತ್ತಿದೆ ಎಂದು ಹೇಳಲು ಬಾಯಿ ಬರುವುದಿಲ್ಲ, ಅದಕ್ಕೆ ಬರುವುದು ಅಳು ಒಂದೇ. ಆ ಅಳು ಕೇಳುವ ಮೊದಲೇ ನಿಮ್ಮ ಮೊಣಕೈ ನೀರಿಗಿಳಿಯಲಿ.